ನಾನು ಕರೆಯದ ಹೆಸರು

ದಟ್ಟ ಮಂಜಿನೊಳಗೆ ಹಳೆಯ ಪಿಕಪ್ಪಿನ ಹಾರ್ನ್ ಹೇಗೆ ಕೇಳಿಸುತ್ತದೆ ಗೊತ್ತೇ? ಯಾರೋ ಅದನ್ನು ದಪ್ಪ ರಜಾಯಿಯಲ್ಲಿ ಸುತ್ತಿ, ಪೆಟ್ಟಿಗೆಯೊಳಗೆ ಇಟ್ಟು, ಪೆಟ್ಟಿಗೆಯನ್ನು ಎಲ್ಲಿಟ್ಟೆವೆಂದು ಮರೆತ ಹಾಗೆ. ಪೋಂ... ಪೋಂ... ಎಂದು ಸದ್ದು ಬರುತ್ತದೆ, ಆದರೆ ಯಾವ ಕಡೆಯಿಂದ ಎಂದು ತಿಳಿಯುವುದಿಲ್ಲ. ಕುವೈತಿನಲ್ಲಿ ಡಿಸೆಂಬರ್, ಜನವರಿಯ ಕೆಲವು ಬೆಳಗುಗಳಲ್ಲಿ ಇಂಥ ಮಂಜು ಬೀಳುತ್ತದೆ. ಅಂಥ ದಿನ ನಮ್ಮ ಫ್ಲ್ಯಾಟಿನ ಕೆಳಗೆ ಯಾವುದಾದರೂ ಗಾಡಿ ಹಾರ್ನ್ ಹಾಕಿದರೆ ನನ್ನ ಕೈಯಲ್ಲಿದ್ದ ಚಹಾದ ಕಪ್ಪು ಈಗಲೂ ಅಲ್ಲಿಗೇ ನಿಂತುಬಿಡುತ್ತದೆ.

ಫ್ರ್ಯಾಂಕ್ ಆಗಿ ಹೇಳುತ್ತೇನೆ, ಇಂಥ ಸಂಗತಿಗಳನ್ನು ನಂಬುವ ಹೆಂಗಸು ನಾನಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಕೈಬರಹ ದುಂಡಗಿರಬೇಕು, ಪ್ರತಿಯೊಂದಕ್ಕೂ ಒಂದು ರೀಸನ್ ಇರಬೇಕು ಎಂದು ಸಿಸ್ಟರುಗಳು ನಮ್ಮ ತಲೆಗೆ ಚೆನ್ನಾಗಿ ತುಂಬಿಸಿದ್ದರು. ಮದುವೆಯಾಗಿ ಬಂದ ಮೇಲೆ ಅತ್ತೆ ಯಾವ ಮರದ ಕೆಳಗೆ ಯಾರಿಗೆ ಏನು ಕಾಣಿಸಿತು ಎಂದು ಹೇಳುತ್ತಿದ್ದರೆ ನಾನು "ಹೌದಾ ಅತ್ತೆ, ಹೌದಾ" ಎನ್ನುತ್ತ ಮೀನು ಕತ್ತರಿಸುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅದೆಲ್ಲ ಇಮ್ಯಾಜಿನೇಶನ್ ಎಂದು ಪಕ್ಕಕ್ಕಿಡುತ್ತಿದ್ದೆ.

ಆದರೆ ಅತ್ತೆಯ ಒಂದು ಮಾತನ್ನು ಪಕ್ಕಕ್ಕಿಡಲು ಆಗಲಿಲ್ಲ. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವರು ಹೇಳಿದ್ದರು. ನಗು ಬರುವ ವಿಷಯವೇ. ಆದರೂ ಮೊದಲ ವರ್ಷ ನಾಚಿಕೆಯಿಂದ ಹೇಳಲಿಲ್ಲ, ಎರಡನೆಯ ವರ್ಷ ಅಭ್ಯಾಸದಿಂದ ಹೇಳಲಿಲ್ಲ, ಆಮೇಲೆ ಅದು ನಾಲಿಗೆಯ ಸ್ವಭಾವವೇ ಆಗಿಹೋಯಿತು. ನಾನು ಕುವೈತ್ ಸಿಟಿಯ ಒಂದು ಆಫೀಸಿನಲ್ಲಿ ಸೆಕ್ರೆಟರಿ ಆಗಿದ್ದವಳು. ಅವರ ಹೆಸರನ್ನು ಎಷ್ಟೋ ಸಲ ಟೈಪ್ ಮಾಡಿದ್ದೇನೆ. ಇಲ್ಲಿ ವಾಸಿಸುವ ಪರವಾನಗಿ, ಅಂದರೆ ಇಕಾಮಾ, ರಿನ್ಯೂ ಮಾಡುವ ಕೌಂಟರಿನಲ್ಲಿ "ಹಸ್ಬೆಂಡ್ಸ್ ನೇಮ್?" ಎಂದು ಕೇಳಿದರೆ ಮಾತ್ರ ಪಾಸ್‌ಪೋರ್ಟನ್ನು ಮುಂದಕ್ಕೆ ತಳ್ಳುತ್ತಿದ್ದೆ. ಮನೆಯಲ್ಲಿ ಅವರನ್ನು ಕರೆಯುವುದು "ಕೇಳಿತಾ?" ಎಂದು. ಆಫೀಸಿನವರಿಗೆ ಅವರು ಮಿಸ್ಟರ್ ರೈ, ಊರಿನವರಿಗೆ ರೈಗಳು, ಮಗಳಿಗೆ ಡ್ಯಾಡಿ. ಅವರ ಸ್ವಂತ ಹೆಸರು ಎರಡು ಇನಿಶಿಯಲ್‌ಗಳೊಳಗೆ ಮಡಚಿಕೊಂಡು ಕೂತಿತ್ತು, ಪಾಪ.

ಈಗ ಆ ಬೆಳಗಿನ ವಿಷಯಕ್ಕೆ ಬರುತ್ತೇನೆ.

ಮರುಭೂಮಿಯ ದೇಶದಲ್ಲಿ ಅಷ್ಟು ವರ್ಷ ಇದ್ದು ನಾವು ನೋಡಿದ ಮರುಭೂಮಿ ಎಂದರೆ ವಫ್ರಾದ ತೋಟಗಳಿಗೆ ಟೊಮೆಟೊ ತರಲು ಹೋಗುವಾಗ ಕಾರಿನ ಕಿಟಕಿಯಾಚೆ ಕಂಡದ್ದು, ಅಷ್ಟೇ. ರಿಟೈರ್ ಆದಾಗ ಇವರಿಗೆ ಆಫೀಸಿನವರು ಒಂದು ಕ್ಯಾಮೆರಾ ಕೊಟ್ಟರು. ಅಲ್ಲಿಂದ ಹುಚ್ಚು ಶುರುವಾಯಿತು. ಮೊದಲು ಬಾಲ್ಕನಿಯ ಪಾರಿವಾಳ, ಆಮೇಲೆ ಸಮುದ್ರತೀರದ ಫ್ಲೆಮಿಂಗೋ. ಕೊನೆಗೆ, "ಮರಳುಗಾಡಿನ ನರಿಯನ್ನು ಅದರ ಜಾಗದಲ್ಲೇ ಹೋಗಿ ನೋಡಬೇಕು" ಎಂದು ಹಟ ಹಿಡಿದರು.

ಅದಕ್ಕೆ ದಾರಿ ಮಾಡಿದವನು ಹಮೀದ್. ಮೈದಾನ್ ಹವಲ್ಲಿಯಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೇ ಅವನ ದಿನಸಿ ಅಂಗಡಿ. ವಿಟ್ಲದ ಕಡೆಯ ಬ್ಯಾರಿ ಹುಡುಗ. ಹುಡುಗ ಎಂದೆ, ಆಗಲೇ ಐವತ್ತು ದಾಟಿತ್ತು, ಆದರೆ ನನ್ನ ತಮ್ಮನಿಗಿಂತ ಚಿಕ್ಕವನು. ನಮ್ಮ ಮಾತುಕತೆ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಳಿಗಾಲದಲ್ಲಿ ಕುವೈತಿಗಳು ಮರಳಿನಲ್ಲಿ ಡೇರೆ ಹಾಕಿ ತಿಂಗಳುಗಟ್ಟಲೆ ಹೋಗಿ ಬಂದು ಮಾಡುತ್ತಾರಲ್ಲ, ಹಮೀದನ ವೀಸಾಕ್ಕೆ ಹೊಣೆಯಾದ ಕುವೈತಿ ಕಫೀಲನದೂ ಅಂಥ ಒಂದು ಡೇರೆ ಇತ್ತು. ಸಾಲ್ಮಿ ರಸ್ತೆಯಲ್ಲಿ ಬಹಳ ದೂರ ಹೋಗಿ, ಡಾಂಬರು ಬಿಟ್ಟು, ಮತ್ತೂ ಒಳಗೆ. ಕಫೀಲನ ಕುಟುಂಬ ಬಾರದ ದಿನಗಳಲ್ಲಿ ಹಮೀದ್ ತನ್ನವರನ್ನು ಕರೆದುಕೊಂಡು ಹೋಗಬಹುದಿತ್ತು.

"ಅಕ್ಕ, ನೀವು ಬರ್ಲೇಬೇಕು," ಎಂದ. "ರೈಗಳು ನರಿ ನೋಡ್ಲಿ. ನೀವು ಆಕಾಶ ನೋಡಿ. ನಾನು ಕೋಳಿ ನೋಡಿಕೊಳ್ತೇನೆ."

ಹಾಗೆ ನಾವು ಹೋದೆವು. ನಾನು, ಇವರು, ಹಮೀದ್ ಅವನ ಪಿಕಪ್ಪಿನಲ್ಲಿ. ಹಿಂದೆ ಮಗಳು ದೀಪಾ ತನ್ನ ಕಾರಿನಲ್ಲಿ. ಅಳಿಯನಿಗೆ ಡ್ಯೂಟಿ ಇತ್ತು.

ಆ ಸಂಜೆಯನ್ನು ನೆನೆದರೆ ಈಗಲೂ ಮನಸ್ಸು ತಂಪಾಗುತ್ತದೆ. ಮರಳು ಎಂದರೆ ಹಳದಿ ದಿಣ್ಣೆಗಳು ಎಂದುಕೊಂಡಿದ್ದೆ. ಅಲ್ಲಿ ಇದ್ದದ್ದು ಬೂದು ಬಣ್ಣದ ಸಮನೆಲ, ನಡುವೆ ಮೊಣಕಾಲೆತ್ತರದ ಕುರುಚಲು ಗಿಡಗಳು, ಅಷ್ಟೇ. ಬೇಲಿಯಿಲ್ಲ, ಕಂಬವಿಲ್ಲ, ಬೆಟ್ಟವಿಲ್ಲ. ಕಣ್ಣಿಗೆ ಹಿಡಿದುಕೊಳ್ಳಲು ಏನೂ ಇಲ್ಲದ ಜಾಗ. ಒಂಟೆಗಳ ಹಿಂಡೊಂದು ನಮ್ಮ ಮುಂದೆಯೇ ಹಾದುಹೋಯಿತು, ಗೆಸ್ಟುಗಳು ಬಂದಿದ್ದಾರೆಂಬ ಪರಿವೆಯೇ ಇಲ್ಲದ ಹಾಗೆ. ದೀಪದ ಬೆಳಕಿಗೆ ಒಂದು ಪುಟ್ಟ ಇಲಿ ಕಾಂಗರೂವಿನಂತೆ ಹಿಂಗಾಲಿನಲ್ಲಿ ಜಿಗಿಯುತ್ತ ಬಂದು ನನ್ನ ಚಾಪೆಯ ಅಂಚನ್ನು ಮೂಸಿ ಹೋಯಿತು. ನಾನು ಕಿರುಚಲಿಲ್ಲ, ನನಗೇ ಆಶ್ಚರ್ಯ. ಕೋರಿ ರೊಟ್ಟಿ ಊಟ. ರೊಟ್ಟಿ ಊರಿನಿಂದ ಬಂದದ್ದು, ಕೋಳಿಸಾರು ಹಮೀದನದು. ಊಟ ಮುಗಿಯುವಾಗ ಬೆಳಕಿನ ಗಡಿಯಲ್ಲಿ ಎರಡು ಹಸಿರು ಕಣ್ಣು ಹೊಳೆದವು. ಇವರು ಉಸಿರು ಬಿಡದೆ ಕೂತರು. ಕ್ಯಾಮೆರಾ ಎತ್ತುವಷ್ಟರಲ್ಲಿ ಕಣ್ಣು ಮಾಯ.

"ನೋಡಿದ್ಯಾ? ನೋಡಿದ್ಯಾ?" ಎಂದು ಮಗುವಿನ ಹಾಗೆ ನನ್ನ ಭುಜ ಅಲುಗಾಡಿಸಿದರು.

"ನೋಡಿದೆ. ಈಗ ಮಲಗಿ," ಎಂದೆ.

ಬೆಳಿಗ್ಗೆ ಎದ್ದು ಡೇರೆಯ ಬಾಗಿಲು ಸರಿಸಿದರೆ ಹೊರಗೆ ಲೋಕವೇ ಇರಲಿಲ್ಲ. ಬರೀ ಬಿಳಿ. ನಾಲ್ಕು ಹೆಜ್ಜೆ ಆಚೆ ನಿಂತ ಪಿಕಪ್ ಕೂಡ ಕಾಣದಂಥ ಮಂಜು. ಬಾಗಿಲಲ್ಲಿ ಬಿಟ್ಟಿದ್ದ ಇವರ ಚರ್ಮದ ಚಪ್ಪಲಿಗಳಲ್ಲಿ ಒಂದು ಕಾಣೆಯಾಗಿತ್ತು.

ಹಮೀದ್ ನಕ್ಕ. "ನರಿಯದ್ದೇ ಕೆಲಸ, ಸಂಶಯ ಇಲ್ಲ. ಚಪ್ಪಲಿ ಅಂದ್ರೆ ಅವಕ್ಕೆ ಜೀವ. ಹೋದ ವರ್ಷ ನಮ್ಮ ಕಫೀಲನ ಒಂದು ಜೋಡಿಯನ್ನೂ ಬಿಡ್ಲಿಲ್ಲ."

ನಾನು ನೀರುದೋಸೆಗೆ ಕೂತೆ. ಹಿಟ್ಟನ್ನು ಮನೆಯಿಂದ ಬಾಟಲಿಯಲ್ಲಿ ತಂದಿದ್ದೆ, ಕಬ್ಬಿಣದ ಕಾವಲಿ ಕೂಡ. ಇವರು ಡಯಾಬಿಟಿಕ್. ಮನೆಯಲ್ಲಿ ನಾನು ಕಾವಲಿ ಒಲೆಗಿಟ್ಟ ಕೂಡಲೇ ಇನ್ಸುಲಿನ್ ಚುಚ್ಚಿಕೊಳ್ಳುವುದು ಕ್ರಮ. ಏಕೆಂದರೆ ಕಾವಲಿ ಕಾದು ಮೊದಲ ದೋಸೆ ತಟ್ಟೆಗೆ ಬೀಳಲು ಹೆಚ್ಚು ಹೊತ್ತು ಬೇಡ. ಅಲ್ಲಿಯೂ ನಾನು ಕಾವಲಿ ಇಟ್ಟದ್ದನ್ನು ನೋಡಿ ಇವರು ಚುಚ್ಚಿಕೊಂಡರು. ಆದರೆ ಅದು ಮನೆಯ ಗ್ಯಾಸ್ ಒಲೆ ಅಲ್ಲವಲ್ಲ. ಮಂಜಿಗೆ ಇದ್ದಿಲೆಲ್ಲ ಒದ್ದೆಯಾಗಿ ಹೊಗೆ ಬರುತ್ತಿತ್ತೇ ಹೊರತು ಕೆಂಡವಾಗುತ್ತಿರಲಿಲ್ಲ. ನಾನೂ ಹಮೀದನೂ ಬಗ್ಗಿ ಊದುತ್ತ ಇದ್ದೆವು.

"ಇಲ್ಲೇ ಹಿಂದುಗಡೆ ನೋಡಿ ಬರ್ತೇನೆ. ಚಪ್ಪಲಿ ಸಿಗಬಹುದು," ಎಂದು ಇವರು ಕ್ಯಾನ್ವಾಸ್ ಶೂ ಹಾಕಿಕೊಂಡು ಎದ್ದರು.

"ದೂರ ಹೋಗ್ಬೇಡಿ," ಎಂದೆ ತಲೆಯೆತ್ತದೆ.

ಕೆಂಡ ಹಿಡಿದು ಮೊದಲ ದೋಸೆ ಎದ್ದಾಗ, "ಕೇಳಿತಾ? ಬನ್ನಿ," ಎಂದೆ. ಉತ್ತರವಿಲ್ಲ. ಮತ್ತೆ ಕರೆದೆ. ಡೇರೆಯ ಸುತ್ತ ಬಂದೆ. ಇರಲಿಲ್ಲ. ಅವರ ಫೋನು ಡೇರೆಯೊಳಗೆ ದಿಂಬಿನ ಪಕ್ಕದಲ್ಲೇ ಇತ್ತು.

ಹೊಟ್ಟೆಯಲ್ಲಿ ಏನೂ ಇಲ್ಲದೆ ಇನ್ಸುಲಿನ್ ತೆಗೆದುಕೊಂಡವರಿಗೆ ಏನಾಗುತ್ತದೆಂದು ನಿಮಗೆ ಗೊತ್ತಿರಬಹುದು. ಸಕ್ಕರೆ ಇಳಿಯುತ್ತದೆ, ಬೆವರು ಬರುತ್ತದೆ, ತಲೆ ಮಂಕಾಗುತ್ತದೆ, ಆಮೇಲೆ ಬಿದ್ದುಬಿಡುತ್ತಾರೆ. ಬಿದ್ದವರನ್ನು ಆ ಮಂಜಿನಲ್ಲಿ ಹುಡುಕುವುದು ಹೇಗೆ? ಜೊತೆಗೆ ಇವರಿಗೆ ಎಡಗಿವಿ ಒಂದಿಷ್ಟೂ ಕೇಳಿಸುವುದಿಲ್ಲ. ಒಂದೇ ಕಿವಿಯವರಿಗೆ ಸದ್ದು ಕೇಳಿಸುತ್ತದೆ, ಆದರೆ ಎತ್ತಲಿಂದ ಬಂತೆಂದು ತಿಳಿಯುವುದಿಲ್ಲ. ಮನೆಯಲ್ಲಿ ನಾನು ಅಡುಗೆಮನೆಯಿಂದ ಕರೆದರೆ ಅವರು ಬೆಡ್‌ರೂಮಿಗೆ ಹೋಗಿ ನೋಡುತ್ತಿದ್ದರು, ನಾವು ನಗುತ್ತಿದ್ದೆವು. ಆ ದಿನ ನಗುವ ವಿಷಯ ಆಗಿರಲಿಲ್ಲ.

ದೀಪಾ "ಡ್ಯಾಡೀ!" ಎಂದು ಕೂಗಿ ಕೂಗಿ ಗಂಟಲು ಕಟ್ಟಿಕೊಂಡಳು. ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಸಿಗ್ನಲ್ ಸಿಗುವ ಕಡೆ ಹೋಗಿ ಪೊಲೀಸರಿಗೆ ಫೋನ್ ಮಾಡುತ್ತೇನೆಂದು ಕಾರು ಹತ್ತಿ, ಬಂದ ದಾರಿಯ ಚಕ್ರದ ಗುರುತು ನೋಡುತ್ತ ನಿಧಾನವಾಗಿ ಹೊರಟಳು. ಉಳಿದದ್ದು ನಾನು ಮತ್ತು ಹಮೀದ್. ಅವನು ಪಿಕಪ್ಪಿನ ಹಾರ್ನ್ ಒತ್ತುತ್ತಲೇ ಇದ್ದ. ಪೋಂ... ಪೋಂ... ನನಗೇ ಅದು ಎಲ್ಲ ಕಡೆಯಿಂದಲೂ ಬಂದಂತೆ ಕೇಳಿಸುತ್ತಿತ್ತು. ಅವರಿಗೆ ಹೇಗೆ ಕೇಳಿಸೀತು?

"ಸಾಕು, ನಿಲ್ಲಿಸು. ಅವರಿಗೆ ಇದರಿಂದ ತಲೆ ಕೆಡ್ತದೆ," ಎಂದೆ.

ಹಮೀದ್ ಇಳಿದು ಬಂದು ನನ್ನ ಪಕ್ಕ ನಿಂತ. "ಅಕ್ಕ, ನೀವು ಹೆಸರು ಹಿಡಿದು ಕರೀರಿ. ಹೆಸರು ಕರೆದ್ರೆ ಮನುಷ್ಯನಿಗೆ ಎಲ್ಲಿದ್ರೂ ಗೊತ್ತಾಗ್ತದೆ."

ನಾನು ತಲೆ ಅಲ್ಲಾಡಿಸಿದೆ.

"ನಿಮಗೆ ಆಗದಿದ್ರೆ ನನಗೆ ಹೇಳಿ. ನಾನೇ ಕರೀತೇನೆ. ರೈಗಳ ಹೆಸರು ಎಂತ?"

ನಂಬುತ್ತೀರೋ ಇಲ್ಲವೋ, ಅಷ್ಟು ವರ್ಷ ಅವನ ಅಂಗಡಿಯಿಂದ ಅಕ್ಕಿ ತಂದರೂ ಅವನಿಗೆ ಇವರ ಹೆಸರು ಗೊತ್ತಿರಲಿಲ್ಲ. ನನಗೋ ಹೇಳಲು ಆಗಲಿಲ್ಲ. ಬಾಯಿ ತೆರೆಯಲು ನೋಡಿದೆ. ಸಿಸ್ಟರುಗಳು ಕಲಿಸಿದ ಎಲ್ಲ ರೀಸನ್ನುಗಳೂ ನನ್ನ ಕಡೆಗೇ ಇದ್ದವು. ಆದರೆ ಸಕ್ಕರೆ ಇಳಿಯುತ್ತ ಎಲ್ಲೋ ಕೂತಿರುವ ಮನುಷ್ಯನ ಆಯುಷ್ಯವನ್ನು ಆ ಗಳಿಗೆಯಲ್ಲಿ ನನ್ನ ನಾಲಿಗೆಯಿಂದ ಮುಟ್ಟುವ ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿದೆ. ಆಡಲು ಹೋದ ಮಗುವನ್ನು ಕತ್ತಲಾಗುವಾಗ ಮನೆಗೆ ಕರೆಯುತ್ತೇವಲ್ಲ, ಹಾಗೆ, ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆದು, ಮನಸ್ಸಿನೊಳಗೆ ಕರೆದೆ. ಮತ್ತೆ ಕರೆದೆ. ಮತ್ತೆ ಮತ್ತೆ ಕರೆದೆ. ಹೊರಗೆ ಒಂದು ಸದ್ದೂ ಇಲ್ಲ. ಹಮೀದ್ ಮಂಜನ್ನೇ ನೋಡುತ್ತ ನಿಂತಿದ್ದ.

ಎಷ್ಟು ಹೊತ್ತಾಯಿತೋ, ಶೂ ಉಜ್ಜುವ ಸದ್ದು ಕೇಳಿಸಿತು. ಬಿಳಿಯೊಳಗಿಂದ ಮೊದಲು ನೀಲಿ ಸ್ವೆಟರ್ ಬಂತು, ಆಮೇಲೆ ಮನುಷ್ಯ. ಮುಖದ ತುಂಬ ಬೆವರು. ನಾನು ಏನೂ ಕೇಳದೆ ಸಕ್ಕರೆಯನ್ನೇ ಮುಷ್ಟಿಯಲ್ಲಿ ತೆಗೆದು ಬಾಯಿಗೆ ಹಾಕಿದೆ. ಹಮೀದ್ ಹಾಲಿಲ್ಲದ ಸುಲೈಮಾನಿ ಚಹಾಕ್ಕೆ ಇನ್ನಷ್ಟು ಸಕ್ಕರೆ ಸುರಿದು ಕುಡಿಸಿದ. ತಣ್ಣಗಾದ ದೋಸೆ ತಿನ್ನಿಸಿದೆವು. ಕಣ್ಣಿಗೆ ಬೆಳಕು ಬಂದ ಮೇಲೆ ಇವರು ಆಡಿದ ಮೊದಲ ಮಾತು ಇದು:

"ಈ ವಯಸ್ಸಿಗೆ ಬಾಯಿ ಬಂತಾ ನಿನಗೆ? ಗಂಡನನ್ನು ಹೆಸರು ಹಿಡಿದು ಕರೀತಿ! ಅಮ್ಮ ಇದ್ದಿದ್ರೆ ಇವತ್ತು ನಿನ್ನ ಕತೆ ಮುಗೀತಿತ್ತು."

"ನಾನು ಕರೀಲಿಲ್ಲ," ಎಂದೆ.

"ಸುಮ್ಮನಿರು. ಎಷ್ಟು ಸಲ ಕರೆದೆ! ಅಷ್ಟುದ್ದ ಎಳೆದು!"

ಹಮೀದ್ ಚಹಾದ ಪಾತ್ರೆ ಕೆಳಗಿಟ್ಟ. "ಇಲ್ಲ ರೈಗಳೇ. ನಾನು ಪಕ್ಕದಲ್ಲೇ ಇದ್ದೆ. ಅಕ್ಕ ಬಾಯೇ ತೆರೀಲಿಲ್ಲ."

ಆಗ ಅವರು ಹೇಳಿದ್ದು ಹೀಗೆ. ಚಪ್ಪಲಿ ಹುಡುಕುತ್ತ ಹೋಗಿ ದಿಕ್ಕು ತಪ್ಪಿತು. ಹಾರ್ನ್ ಕೇಳಿಸಿತು, ಆದರೆ ಎತ್ತ ಹೋದರೂ ಅದು ಅಷ್ಟೇ ದೂರದಲ್ಲಿದ್ದಂತೆ ಇತ್ತು. ಕಾಲು ಸೋತು ಕೂತುಬಿಟ್ಟರು. ಎದುರಿಗೆ ಒಂದು ನರಿ ಬಂದು ಕೂತಿತು, ನಮ್ಮೂರಿನ ನರಿಯ ಅರ್ಧದಷ್ಟು, ಕಿವಿ ಮಾತ್ರ ದೊಡ್ಡದು. ಹಾರ್ನ್ ನಿಂತಿತು. ಆಮೇಲೆ ನನ್ನ ಸ್ವರ ಕೇಳಿಸಿತು. ಎತ್ತಲಿಂದ ಎಂದು ಇವರಿಗೆ ತಿಳಿಯಲಿಲ್ಲ. ಆದರೆ ಸ್ವರ ಬಂದಾಗಲೆಲ್ಲ ನರಿ ಎರಡೂ ಕಿವಿಯನ್ನು ಒಂದೇ ಕಡೆಗೆ ತಿರುಗಿಸಿ ನೋಡುತ್ತಿತ್ತು. "ನನಗೆ ಒಂದು ಕಿವಿ ಇಲ್ಲ. ಅದಕ್ಕೆ ಎರಡೂ ಇತ್ತಲ್ಲ. ಅದು ನೋಡಿದ ಕಡೆ ನಡೆದೆ," ಎಂದರು. ನರಿ ಸ್ವಲ್ಪ ದೂರ ಪಕ್ಕದಲ್ಲೇ ಬಂತಂತೆ. ಕರೆದಾಗ ನಿಂತು ಕಿವಿ ತಿರುಗಿಸುತ್ತಿತ್ತಂತೆ. ದೋಸೆಯ ವಾಸನೆ ಬಂದಾಗ ತಿರುಗಿ ನೋಡಿದರೆ ನರಿ ಇರಲಿಲ್ಲವಂತೆ.

ಸಕ್ಕರೆ ಇಳಿದಾಗ ಇಲ್ಲದ್ದು ಕೇಳಿಸಬಹುದು. ನಮ್ಮ ಡಾಕ್ಟರ್ ಕೂಡ ಅದನ್ನೇ ಹೇಳಿದರು, ನಾನೂ ಒಪ್ಪುತ್ತೇನೆ. ದೀಪಾ ವಾಪಸು ಬಂದು ಅಪ್ಪನನ್ನು ತಬ್ಬಿ ಅತ್ತು, ಎಲ್ಲ ಕೇಳಿದ ಮೇಲೆ, "ಅಮ್ಮಾ, ಯೂ ಮಸ್ಟ್ ಹ್ಯಾವ್ ಶೌಟೆಡ್. ಪ್ಯಾನಿಕ್‌ನಲ್ಲಿ ಗೊತ್ತಾಗೋದಿಲ್ಲ," ಎಂದಳು. ಅದೂ ಇರಬಹುದು. ಆದರೆ ಬಿಸಿಲು ಏರಿ ಮಂಜು ಕರಗಿದ ಮೇಲೆ ನಾವು ಹೋಗಿ ನೋಡಿದೆವು. ಇಬ್ಬನಿಗೆ ಒದ್ದೆಯಾದ ನೆಲದಲ್ಲಿ ಶೂಗಳ ಅಚ್ಚು ಸ್ಪಷ್ಟವಾಗಿತ್ತು. ಮೊದಲು ಸುತ್ತುಸುತ್ತಾಗಿ, ತಿರುಗಿ ಮುರುಗಿ, ದಾರಿ ತಪ್ಪಿದವನ ಹೆಜ್ಜೆಗಳು. ಒಂದು ಕಡೆ ಅವರು ಕೂತ ಜಾಗ. ಅದರ ಎದುರಿಗೆ ಸಣ್ಣ ಪಂಜಗಳ ಗುರುತು. ಅಲ್ಲಿಂದ ನಮ್ಮ ಡೇರೆಯವರೆಗೆ ಶೂಗಳ ಸಾಲು ಸ್ಕೇಲ್ ಇಟ್ಟು ಎಳೆದ ಗೆರೆಯಂತೆ ನೇರ. ಪಂಜದ ಸಾಲು ಪಕ್ಕದಲ್ಲೇ ಬಂದು, ಒಂದು ಕುರುಚಲು ಗಿಡದ ಹತ್ತಿರ ಬೇರೆ ದಾರಿ ಹಿಡಿದಿತ್ತು.

ಇವರ ಕಿವಿಗೆ ಭ್ರಮೆ ಎಂದರೆ ಸರಿ. ನರಿಗೂ ಭ್ರಮೆಯೇ? ನಾನು ಕೂಗಿದೆ, ನನಗೇ ಗೊತ್ತಾಗಲಿಲ್ಲ ಎಂದರೆ, ಪಕ್ಕದಲ್ಲಿ ನಿಂತವನಿಗೆ ಯಾಕೆ ಕೇಳಿಸಲಿಲ್ಲ? ಇಷ್ಟು ವರ್ಷ ಇದನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ರೀಸನ್ ಸಿಕ್ಕಿಲ್ಲ. ಸಿಗಲಿಲ್ಲವೆಂದು ಈಗ ಬೇಸರವೂ ಇಲ್ಲ. ಇವರು ಈಗಲೂ ಆರೋಗ್ಯವಾಗಿದ್ದಾರೆ. ಪಕ್ಕದ ರೂಮಿನಲ್ಲಿ ಟಿವಿಯ ವಾಲ್ಯೂಮ್ ಇಡೀ ಬಿಲ್ಡಿಂಗಿಗೆ ಕೇಳಿಸುವಷ್ಟು ಇಟ್ಟು ನ್ಯೂಸ್ ನೋಡುತ್ತಿದ್ದಾರೆ. ದೀಪಾಳ ಮನೆಯಲ್ಲಿ ನಾವಿಬ್ಬರೂ ಸುಖವಾಗಿದ್ದೇವೆ. ನಾನು ಇನ್ನೂ ಅವರನ್ನು "ಕೇಳಿತಾ?" ಎಂದೇ ಕರೆಯುತ್ತೇನೆ.

ಹಮೀದ್ ಈಗಿಲ್ಲ. ಊರಿಗೆ ಹೋದ ಮರುವರ್ಷವೇ ಹೋಗಿಬಿಟ್ಟ. ಅವನು ಅಂಗಡಿ ಬಿಟ್ಟುಕೊಟ್ಟು, "ಖಲಾಸ್ ಅಕ್ಕ, ಇನ್ನು ವಿಟ್ಲದಲ್ಲಿ ಮೊಮ್ಮಕ್ಕಳನ್ನು ಎತ್ತಿಕೊಂಡು ತಿರುಗೋದೇ ಕೆಲಸ," ಎಂದು ಹೊರಟ ದಿನ ನಾವಿಬ್ಬರೂ ಏರ್‌ಪೋರ್ಟಿಗೆ ಹೋಗಿದ್ದೆವು. ಇವರು ಕಾಫಿ ತರಲೆಂದು ಆಚೆ ಹೋದರು. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳ ಟ್ರಾಲಿಯನ್ನು ಹಿಡಿದು ಹಮೀದ್ ನನ್ನ ಹತ್ತಿರ ಸರಿದ.

"ಅಕ್ಕ, ಒಂದು ಕೇಳ್ಬೇಕಿತ್ತು. ಆ ಮಂಜಿನ ದಿನ ನಾನು ರೈಗಳ ಹೆಸರು ಕೇಳಿದೆ, ನೀವು ಹೇಳ್ಲಿಲ್ಲ. ನೆನಪುಂಟಾ?"

"ಉಂಟು."

"ಮತ್ತೆ ನಾನು ಯಾರ ಹತ್ರವೂ ಕೇಳ್ಲಿಲ್ಲ. ನಿಮ್ಮ ಕ್ರಮ ಅದು, ನನಗೆ ಯಾಕೆ ಅಂತ." ಅವನು ಸುತ್ತ ಒಮ್ಮೆ ನೋಡಿ, ಸ್ವರ ತಗ್ಗಿಸಿ, ಆ ಹೆಸರನ್ನು ಹೇಳಿದ. ಒಂದು ಅಕ್ಷರವೂ ತಪ್ಪಲಿಲ್ಲ. ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆದ. "ಇದೇ ಅಲ್ವಾ?"

"ನಿನಗೆ ಯಾರು ಹೇಳಿದ್ದು?"

"ಅದನ್ನೇ ನಿಮ್ಮ ಹತ್ರ ಕೇಳ್ಬೇಕು ಅಂತ ಇದ್ದೆ. ಆ ಬೆಳಿಗ್ಗೆಯಿಂದ ನನಗೆ ಗೊತ್ತುಂಟು. ಯಾರು ಹೇಳಿದ್ದು ಅಂತ ಮಾತ್ರ ಗೊತ್ತಿಲ್ಲ."

ಅಷ್ಟರಲ್ಲಿ ಇವರು ಮೂರು ಕಪ್ ಕಾಫಿ ಹಿಡಿದು, ಚೆಲ್ಲದಂತೆ ನಡೆಯುತ್ತ ಬಂದರು. "ಎಂತ ಗುಸುಗುಸು ಇಬ್ಬರದ್ದೂ?" ಎಂದರು. ಹಮೀದ್ ನಕ್ಕ. ನಿಂತೇ ಕಾಫಿ ಕುಡಿದ. ಇವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ಬರ್ತೇನೆ ರೈಗಳೇ," ಎಂದ. ಟ್ರಾಲಿಯ ಒಂದು ಚಕ್ರ ಅಡ್ಡ ತಿರುಗಿಕೊಂಡಿತ್ತು. ಅದನ್ನು ಕಾಲಿನಿಂದ ಒದ್ದು ನೇರ ಮಾಡಿ, ಗಾಜಿನ ಬಾಗಿಲಿನ ಒಳಗೆ ನೂಕಿಕೊಂಡು ಹೋದ. ಕ್ಯೂನಲ್ಲಿ ನಿಂತ ಜನರ ನಡುವೆ ಅವನ ಬಿಳಿ ಟೊಪ್ಪಿ ಸ್ವಲ್ಪ ಹೊತ್ತು ಕಾಣುತ್ತಿತ್ತು.